ಊಟವಾಯಿತೇ ಎಂಬ ಪ್ರಶ್ನೆ

ಕೊರಿಯಾ ದೇಶದಲ್ಲಿ ಪರಿಚಿತರು ಎದುರಾದಾಗ ಯೋಗಕ್ಷೇಮ ವಿಚಾರಿಸುವ ಬಗೆಗಳಲ್ಲಿ ‘ಊಟ ಮಾಡಿದಿರಾ?’ ಎಂಬುದೂ ಒಂದು. ಕನ್ನಡ ನಾಡಿನ ಜಗಲಿಗಳಲ್ಲಿ ಕೇಳಿಬರುವ ‘ಊಟವಾಯಿತೇ?’ ಎಂಬ ಮಾತಿಗೂ ಅದಕ್ಕೂ ಅರ್ಥದಲ್ಲಾಗಲಿ ಆತ್ಮೀಯತೆಯಲ್ಲಾಗಲಿ ಭೇದವಿಲ್ಲ. ಎರಡೂ ಕಡೆ ಕೇಳುವವನು ಉತ್ತರಕ್ಕಾಗಿ ಕಾಯುವುದು ಕಡಿಮೆ. ‘ಆಯಿತು’ ಎಂಬುದೇ ಸಭ್ಯವಾದ ಉತ್ತರ. ಹಸಿದವನೂ ಆಯಿತೆಂದೇ ಹೇಳುತ್ತಾನೆ. ಈ ಚಿಕ್ಕ ಅಸತ್ಯವನ್ನು ಯಾರೂ ಪಾಪದ ಖಾತೆಗೆ ಬರೆಯುವುದಿಲ್ಲ. ಆದರೆ ಇದೇ ಬಗೆಯ ಪ್ರಶ್ನೆ ಧರ್ಮದ ವಿಷಯದಲ್ಲಿ, ಅದರಲ್ಲೂ ತಂದೆ ಮಕ್ಕಳ ನಡುವೆ ಬಂದಾಗ ಏನಾಗುತ್ತದೆಂಬುದನ್ನು ಹಾವೇರಿ ಸೀಮೆಯ ಜೈನ ಮಸಾಲೆ ವ್ಯಾಪಾರಿಯೊಬ್ಬರು ತಮ್ಮ 68ನೆಯ ವಯಸ್ಸಿನಲ್ಲಿ ಅರಿತುಕೊಂಡರು. 2024ರ ನವೆಂಬರ್ ತಿಂಗಳಿನಲ್ಲಿ, ಕೊರಿಯಾದ ಬೆಟ್ಟವೊಂದರ ಮೇಲೆ, ಹಿಂದೆಂದೂ ಕಾಣದಿದ್ದ ಒಂದು ಅನ್ನದ ಬಟ್ಟಲಿನ ಮುಂದೆ ಕುಳಿತಾಗ ಆ ಅರಿವು ಬಂದಿತು.

ಅವರ ಒಬ್ಬಳೇ ಮಗಳು ಇಂಜಿನಿಯರಿಂಗ್ ಓದಿ, ಆರು ವರ್ಷಗಳಿಂದ ಸೋಲ್ ನಗರದಲ್ಲಿ ಉದ್ಯೋಗದಲ್ಲಿದ್ದಳು. ಪ್ರತಿ ಭಾನುವಾರ ಬಸದಿಯಿಂದ ಹಿಂದಿರುಗಿದ ಕೂಡಲೇ ತಂದೆ ಅವಳಿಗೆ ದೂರವಾಣಿ ಮಾಡುತ್ತಿದ್ದರು. ಆರೋಗ್ಯದ ಮಾತು, ಹವೆಯ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: “ಊಟ ಶುದ್ಧವಾದದ್ದೇ ತಾನೇ?” ಅತ್ತ ಕಡೆಯಿಂದ “ಹೌದು ಅಪ್ಪಾಜಿ” ಎಂಬ ಉತ್ತರವೂ ತಪ್ಪದೆ ಬರುತ್ತಿತ್ತು. ಆ ಒಂದು ಮಾತು ಕಿವಿಗೆ ಬಿದ್ದರೆ ತಂದೆಗೆ ಇಡೀ ವಾರ ನೆಮ್ಮದಿ. ಮಗಳನ್ನು ನೋಡಿಬರಲು ಹೊರಟಾಗ ಮಂಡಿನೋವಿನ ಪತ್ನಿ ಊರಿನಲ್ಲೇ ಉಳಿದರು. ವ್ಯಾಪಾರಿಯ ಚೀಲದಲ್ಲಿ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಹುರಿದ ಹಿಟ್ಟು, ಇವುಗಳೊಂದಿಗೆ ಅಂಗಡಿಯ ಒಳ್ಳೆಯ ಇಂಗು ತುಂಬಿದ ಚಿಕ್ಕದೊಂದು ಸ್ಟೀಲು ಡಬ್ಬಿಯೂ ಇದ್ದಿತು. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟ ಮನೆಗಳಲ್ಲಿ ಒಗ್ಗರಣೆಗೆ ಘಮ ಕೊಡುವುದು ಇಂಗೇ ಅಲ್ಲವೇ!

ಸೋಲ್‌ನಲ್ಲಿ ಮೊದಲ ಒಂದು ವಾರ ಅವರು ಕೊರಿಯಾದ ಯಾವ ತಿನಿಸನ್ನೂ ಮುಟ್ಟಲಿಲ್ಲ. ನವೆಂಬರ್ ನಡುವಿನಲ್ಲಿ ಅಲ್ಲಿ ಸಂಜೆ ಐದೂಕಾಲು ಐದೂವರೆಯೊಳಗೆ ಸೂರ್ಯಾಸ್ತವಾಗುತ್ತದೆ. ರಾತ್ರಿಭೋಜನವನ್ನು ಬಿಟ್ಟ ತಂದೆಗಾಗಿ ಮಗಳು ರಜೆ ಹಾಕಿ, ಹಗಲಿನಲ್ಲೇ ಅನ್ನ, ತೊಗರಿಬೇಳೆ ಸಾರು, ಪಲ್ಯ ಬೇಯಿಸಿಡುತ್ತಿದ್ದಳು. ಮನೆಯ ಸಮೀಪದ ಪೇಟೆಗೆ ಹೋದಾಗ ಬೀದಿಯ ಎರಡೂ ಬದಿಗೆ ಎಲೆಕೋಸಿನಂತಹ ಉದ್ದನೆಯ ಸೊಪ್ಪಿನ ಗಡ್ಡೆಗಳು ಗೋಡೆಯಂತೆ ಪೇರಿಸಿಟ್ಟಿದ್ದವು. ಅದು ಕಿಮ್‌ಜಾಂಗ್‌ನ ಕಾಲ. ಚಳಿಗಾಲಕ್ಕೆ ಮುನ್ನ ಬಂಧುಗಳೂ ನೆರೆಹೊರೆಯವರೂ ಒಂದೆಡೆ ಸೇರಿ ಕಿಮ್ಚಿ ಎಂಬ ಉಪ್ಪಿನಕಾಯಿಯನ್ನು ರಾಶಿಗಟ್ಟಲೆ ಹಾಕಿ ಹಂಚಿಕೊಳ್ಳುವ ಪದ್ಧತಿಗೆ ಆ ಹೆಸರು. ದಕ್ಷಿಣ ಕೊರಿಯಾದ ಈ ಆಚರಣೆಯನ್ನು ಯುನೆಸ್ಕೋ ಸಂಸ್ಥೆ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೊಪ್ಪನ್ನು ಉಪ್ಪಿನಲ್ಲಿ ನೆನೆಹಾಕಿ, ತೊಳೆದು, ಎಲೆ ಎಲೆಯ ನಡುವೆ ಕೆಂಪು ಮೆಣಸಿನಪುಡಿಯ ಮಸಾಲೆ ಸವರುತ್ತಾರೆ. ಹಿಂದೆ ಅದನ್ನು ಮಣ್ಣಿನ ಜಾಡಿಗಳಿಗೆ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ಈಗ ಅದಕ್ಕೆಂದೇ ಬೇರೆ ಶೀತಲ ಪೆಟ್ಟಿಗೆಗಳಿವೆ.

ಮೆಣಸಿನಪುಡಿಯ ಅಂಗಡಿಯ ಮುಂದೆ ವ್ಯಾಪಾರಿಯ ಕಾಲು ತಾನಾಗಿ ನಿಂತಿತು. ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ತೀಡಿ ನೋಡಿದರು. ಬಣ್ಣ ಹೆಚ್ಚು, ಖಾರ ಮಿತ. ಬ್ಯಾಡಗಿಯ ಸಂತೆಯಲ್ಲಿ ಕಂಡ ಗುಣವೇ. ಅಮೆರಿಕ ಖಂಡದಲ್ಲಿ ಹುಟ್ಟಿದ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದಂತೆ, ಹಲವು ಕೈಗಳನ್ನು ದಾಟಿ ಕೊರಿಯಾವನ್ನೂ ಸೇರಿತು. ಇಂದು ಅದಿಲ್ಲದೆ ಎರಡೂ ನಾಡುಗಳ ಅಡುಗೆ ಇಲ್ಲ. ಆದರೆ ಆ ಮಸಾಲೆಯಲ್ಲಿ ಇನ್ನೇನಿದೆಯೆಂದು ಕೇಳಿದಾಗ ಮಗಳು ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು ಎಂದು ಎಣಿಸಿ, ಕೊನೆಗೆ ತಗ್ಗಿದ ದನಿಯಲ್ಲಿ, ಉಪ್ಪಿನಲ್ಲಿ ಕೊಳೆಯಿಟ್ಟ ಸಣ್ಣ ಸಿಗಡಿಯೂ ಇರುತ್ತದೆ ಎಂದಳು. ತಂದೆ ಕೈಯಲ್ಲಿದ್ದ ಪುಡಿಯನ್ನು ಕೊಡವಿಕೊಂಡು ಮುಂದೆ ನಡೆದರು.

ಅವರು ಕೊರಿಯಾದಲ್ಲಿ ನೋಡಬೇಕೆಂದಿದ್ದ ಸ್ಥಳ ಒಂದೇ: ಗಯಾ ಪರ್ವತದ ಮೇಲಿರುವ ಹೈನ್ಸಾ ವಿಹಾರ. 802ರಲ್ಲಿ ಸ್ಥಾಪನೆಯಾದ ಆ ವಿಹಾರದಲ್ಲಿ ಬೌದ್ಧ ತ್ರಿಪಿಟಕವನ್ನು ಕೆತ್ತಿದ 81,258 ಮರದ ಫಲಕಗಳಿವೆ. 13ನೆಯ ಶತಮಾನದಲ್ಲಿ, ಮಂಗೋಲರ ದಾಳಿಗೆ ಸಿಕ್ಕಿದ ನಾಡು, ತನ್ನ ಶಾಸ್ತ್ರ ಉಳಿದರೆ ತಾನೂ ಉಳಿದೇನೆಂಬ ಶ್ರದ್ಧೆಯಿಂದ ಕೆತ್ತಿಸಿದ ಫಲಕಗಳವು. ಗಾಳಿ ಹದವಾಗಿ ಆಡುವಂತೆ ಮೇಲೊಂದು ಕೆಳಗೊಂದು ಅಳತೆಯ ಕಿಟಕಿಗಳನ್ನಿಟ್ಟು ಕಟ್ಟಿದ ಮರದ ಭಂಡಾರದಲ್ಲಿ ಅವು ಇಂದಿಗೂ ಸುರಕ್ಷಿತವಾಗಿವೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಕಥೆಯನ್ನು ಬಾಲ್ಯದಿಂದ ಕೇಳಿದ್ದ ವ್ಯಾಪಾರಿ, ಭಂಡಾರದ ಸರಳುಗಳ ಮುಂದೆ ಬಹಳ ಹೊತ್ತು ಕೈಮುಗಿದು ನಿಂತರು.

ಹಿಂದಿನ ರಾತ್ರಿ ದೇಗು ನಗರದಲ್ಲಿ ತಂಗಿ, ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದಿದ್ದರು. ವಿಹಾರದಿಂದ ಸ್ವಲ್ಪ ದೂರದಲ್ಲಿ ಭಿಕ್ಷುಣಿಯರ ಚಿಕ್ಕ ಆಶ್ರಮವೊಂದಿತ್ತು. ಮಗಳ ಸಹೋದ್ಯೋಗಿಯೊಬ್ಬಳ ಸೋದರತ್ತೆ ಅಲ್ಲಿ ಸುಮಾರು ನಲವತ್ತು ವರ್ಷಗಳಿಂದ ಸಂನ್ಯಾಸಿನಿಯಾಗಿದ್ದರು. ಮಧ್ಯಾಹ್ನದ ಊಟಕ್ಕೆ ಅಲ್ಲಿಯೇ ಬರಬೇಕೆಂದು ಅವರ ಆಹ್ವಾನವಿದ್ದಿತು. ವ್ಯಾಪಾರಿಗೆ ಅಳುಕು. ಬೇಡವೆಂದರೆ ಪೂಜ್ಯರೊಬ್ಬರಿಗೆ ಅವಮಾನ. ಒಪ್ಪಿದರೆ ವ್ರತದ ಪ್ರಶ್ನೆ. ಕೊರಿಯಾದ ಬೌದ್ಧ ಆಶ್ರಮಗಳ ಪಾಕಶಾಲೆಯಲ್ಲಿ ಮಾಂಸ, ಮೀನು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲವೆಂದು ಮಗಳು ಧೈರ್ಯ ಹೇಳಿದಳು. “ಇಲ್ಲಿ ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ” ಎಂದಳು. ‘ಇಲ್ಲಿ ಮಾತ್ರ’ ಎಂಬ ಮಾತಿನ ತೂಕವನ್ನು ತಂದೆ ಆಗ ಗಮನಿಸಲಿಲ್ಲ.

ಕ್ರಿ. ಶ. 372ರಲ್ಲಿ ಚೀನಾದ ಮಾರ್ಗವಾಗಿ ಕೊರಿಯಾಕ್ಕೆ ಬಂದ ಬೌದ್ಧಧರ್ಮವು ಅಲ್ಲಿ ತನ್ನದೇ ಆದ ಆಹಾರಪದ್ಧತಿಯನ್ನು ಬೆಳೆಸಿಕೊಂಡಿತು. ಬೆಟ್ಟದ ಸೊಪ್ಪುಸದೆ, ಸೋಯಾ ಅವರೆ, ಎಳ್ಳು, ಅಣಬೆ, ಇವುಗಳಿಂದಲೇ ವರ್ಷವಿಡೀ ಅಡುಗೆ. 2017ರಲ್ಲಿ ಬೆಗ್ಯಾಂಗ್ಸಾ ವಿಹಾರದ ಭಿಕ್ಷುಣಿ ಜೊಂಗ್ ಕ್ವಾನ್ ಅವರ ಅಡುಗೆಯನ್ನು ಕುರಿತ ಚಿತ್ರ ಅಂತರರಾಷ್ಟ್ರೀಯ ಸರಣಿಯೊಂದರಲ್ಲಿ ಪ್ರಸಾರವಾದ ಮೇಲೆ ಹೊರದೇಶದವರೂ ಈ ಆಹಾರವನ್ನು ಅರಸಿಕೊಂಡು ಬರತೊಡಗಿದರು. ಈ ಪಾಕಶಾಲೆಗಳ ಮುಖ್ಯ ನಿಯಮ ‘ಒಶಿನ್ಚೆ’, ಅಂದರೆ ಐದು ಘಾಟಿನ ವಸ್ತುಗಳ ತ್ಯಾಗ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಬೂಚು ಎಂಬ ಚಪ್ಪಟೆ ಎಲೆಯ ಸೊಪ್ಪು, ದಲ್ಲೆ ಎಂಬ ಕಾಡು ಈರುಳ್ಳಿ, ಇವು ನಾಲ್ಕು. ಐದನೆಯದರ ಹೆಸರು ಹುಂಗೊ.

ಪಾಕಶಾಲೆಯ ಬಾಗಿಲಲ್ಲಿ ಭಿಕ್ಷುಣಿಯವರು ಎದುರುಗೊಂಡರು. ಬೂದುಬಣ್ಣದ ವಸ್ತ್ರ, ಬೋಳುತಲೆ, ಸಾರಣೆ ಮಾಡಿದವರಂತೆ ಮಣ್ಣು ಹಿಡಿದ ಕೈಗಳು. ವ್ಯಾಪಾರಿಯು ಕಾಣಿಕೆಯೆಂದು ಕೊಡಲು ಬೇರೇನೂ ತೋಚದೆ ಇಂಗಿನ ಡಬ್ಬಿಯನ್ನು ಎರಡೂ ಕೈಗಳಿಂದ ಮುಂದಿಟ್ಟರು. ಬೆಳ್ಳುಳ್ಳಿ ಬಳಸದ ಅಡುಗೆಗೆ ಇದು ಬಹಳ ಉಪಯುಕ್ತವೆಂದು ಮಗಳಿಂದ ಹೇಳಿಸಿದರು. ಭಿಕ್ಷುಣಿ ಮುಚ್ಚಳ ತೆಗೆದು ಮೂಸಿ, ಒಡನೆಯೇ ಮುಖ ಹಿಂದಕ್ಕೆಳೆದುಕೊಂಡರು. ಇದೇನೆಂದು ಕೇಳಿದರು. ಮಗಳು ಕೈಯಲ್ಲಿದ್ದ ಫೋನಿನಲ್ಲಿ ಆ ಪದವನ್ನು ಹುಡುಕಿ ತೋರಿಸಿದಳು. ಅವರು ಓದಿ, ಡಬ್ಬಿಯನ್ನು ಮತ್ತೊಮ್ಮೆ ನೋಡಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಗತೊಡಗಿದರು. ಅದೇ ಹುಂಗೊ, ಐದನೆಯ ನಿಷಿದ್ಧ ವಸ್ತು. ಭಾರತದ ಕಡೆಯಿಂದ ಬಂದ ನಿಯಮದೊಂದಿಗೆ ಹೆಸರು ಮಾತ್ರ ಕೊರಿಯಾವನ್ನು ಸೇರಿತ್ತು. ಗಿಡ ಅಲ್ಲಿ ಬೆಳೆಯುವುದಿಲ್ಲ. ನಲವತ್ತು ವರ್ಷ ನಿಷ್ಠೆಯಿಂದ ದೂರವಿಟ್ಟ ವಸ್ತುವನ್ನು ಅವರು ಅಂದು ಮೊದಲ ಬಾರಿಗೆ ಕಂಡಿದ್ದರು, ಅದೂ ಧರ್ಮಭೀರುವಾದ ಅತಿಥಿಯ ಕೈಯಿಂದ.

ನಗು ನಿಂತ ಮೇಲೆ ಇಬ್ಬರಿಗೂ ಕುತೂಹಲ ಹುಟ್ಟಿತು. ಭಿಕ್ಷುಣಿ ಹೇಳಿದರು: ಈ ಐದು ಪದಾರ್ಥಗಳು ಹಸಿಯಾಗಿ ತಿಂದರೆ ಕೋಪವನ್ನೂ ಬೇಯಿಸಿ ತಿಂದರೆ ಕಾಮವನ್ನೂ ಕೆರಳಿಸುತ್ತವೆ, ಧ್ಯಾನಕ್ಕೆ ಕುಳಿತವರಿಗೆ ಇವು ಶತ್ರುಗಳು. ವ್ಯಾಪಾರಿ ಹೇಳಿದರು: ಗಡ್ಡೆಯೊಂದರಲ್ಲಿ ಅನಂತ ಜೀವಗಳಿವೆ, ಅದನ್ನು ಕಿತ್ತರೆ ಆ ಎಲ್ಲ ಜೀವಗಳಿಗೂ ಘಾತ, ಆದುದರಿಂದ ಈರುಳ್ಳಿ ಬೆಳ್ಳುಳ್ಳಿಗಳಷ್ಟೇ ಅಲ್ಲ, ಮೂಲಂಗಿ, ಗಜ್ಜರಿ, ಆಲೂಗಡ್ಡೆಗಳೂ ವರ್ಜ್ಯ. ಒಬ್ಬರದು ಮನಸ್ಸಿನ ಮೇಲಿನ ಎಚ್ಚರ, ಇನ್ನೊಬ್ಬರದು ಜೀವದ ಮೇಲಿನ ಎಚ್ಚರ. ಬೆಳ್ಳುಳ್ಳಿಯ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ಬಂದು ನಿಂತಿದ್ದರು, ಇಂಗಿನಲ್ಲಿ ಬೇರೆಯಾಗಿದ್ದರು. ಭಿಕ್ಷುಣಿ ಮುಚ್ಚಳವನ್ನು ಬಿಗಿಯಾಗಿ ಒತ್ತಿ, ಡಬ್ಬಿಯನ್ನು ಎರಡೂ ಕೈಗಳಿಂದ ಹಿಂದಿರುಗಿಸಿದರು. ನಿಮ್ಮ ನಿಯಮದಲ್ಲಿ ಇದು ಸಲ್ಲುವುದಾದರೆ ನಿಮ್ಮ ಬಳಿಯೇ ಇರಲಿ ಎಂದರು.

ಅಂದಿನ ಅಡುಗೆ ಬೆಟ್ಟದ ಸೊಪ್ಪುಗಳ ಬಿಬಿಂಬಾಪ್. ‘ಬಾಪ್’ ಎಂದರೆ ಅನ್ನ, ‘ಬಿಬಿಮ್’ ಎಂದರೆ ಕಲಸುವುದು. ಅಗಲವಾದ ಬಟ್ಟಲಿನ ನಡುವೆ ಬಿಸಿ ಅನ್ನ, ಅದರ ಮೇಲೆ ಸುತ್ತಲೂ ನಮುಲ್ ಎಂಬ ಬಗೆಬಗೆಯ ಪಲ್ಯಗಳು ಒಂದರೊಡನೊಂದು ಬೆರೆಯದಂತೆ ಇರುತ್ತವೆ. ಬಿಳುಪು, ಹಸಿರು, ಕೆಂಪು, ಹಳದಿ, ಕಪ್ಪು, ಈ ಐದು ಬಣ್ಣಗಳು ಐದು ದಿಕ್ಕುಗಳ ಸಂಕೇತವೆಂದು ಕೊರಿಯಾದವರ ನಂಬಿಕೆ. ಪೇಟೆಯ ಬಿಬಿಂಬಾಪ್‌ನಲ್ಲಿ ಮಾಂಸವೂ ಮೊಟ್ಟೆಯೂ ಸಾಮಾನ್ಯ. ಜೊಂಜು ಪಟ್ಟಣದ ಪ್ರಸಿದ್ಧ ಬಗೆಯಲ್ಲಿ ಹಸಿ ಗೋಮಾಂಸವನ್ನೂ ಹಾಕುವುದುಂಟು. ಆಶ್ರಮದ್ದು ಅವೆಲ್ಲವನ್ನೂ ಬಿಟ್ಟ ಬಟ್ಟಲು.

ಭಿಕ್ಷುಣಿ ಬಟ್ಟಲನ್ನು ತುಂಬಿ ತಂದು ಇಡಬಹುದಾಗಿತ್ತು. ಹಾಗೆ ಮಾಡದೆ, ಎಲ್ಲ ಪದಾರ್ಥಗಳನ್ನೂ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಸಾಲಾಗಿ ಇಟ್ಟು, ಒಂದೊಂದನ್ನೂ ತೋರಿಸಿ ಇದು ಏನು, ಎಲ್ಲಿಯದು, ಇದರಲ್ಲಿ ಏನೇನು ಸೇರಿದೆ ಎಂದು ವಿವರಿಸತೊಡಗಿದರು. ಮಗಳು ಕನ್ನಡಿಸುತ್ತ ಹೋದಳು. ಇದು ಗೊಸಾರಿ, ಜರಿಗಿಡದ ಎಳೆಯ ಕುಡಿ. ವಸಂತದಲ್ಲಿ ಕಿತ್ತು ಬೇಯಿಸಿ ಒಣಗಿಸಿದ್ದು, ನಿನ್ನೆ ನೆನೆಹಾಕಿ ಮತ್ತೆ ಬೇಯಿಸಿದ್ದು. ಇದು ಪಾಲಕ. ಇದು ಎಳೆಯ ಕುಂಬಳ. ಇದು ದೊರಾಜಿ, ಇದು ಬೇರು, ನಿಮಗೆ ಸಲ್ಲದು. ತಟ್ಟೆ ಪಕ್ಕಕ್ಕೆ ಹೋಯಿತು. ಇದು ಓಕ್ ಮರದ ದಿಮ್ಮಿಯ ಮೇಲೆ ಬೆಳೆದ ಅಣಬೆ. ಅದೂ ಪಕ್ಕಕ್ಕೆ. ಇದು ಸೋಯಾ ಅವರೆಯ ಮೊಳಕೆ. ವ್ಯಾಪಾರಿಯ ಮನೆಯಲ್ಲಿ ಮೊಳಕೆಯೂ ವರ್ಜ್ಯ, ಅದೂ ಸರಿಯಿತು. ಇದು ಸೋಯಾ ಹಾಲನ್ನು ಸಮುದ್ರದುಪ್ಪಿನ ಕಹಿನೀರಿನಿಂದ ಒಡೆಸಿ ಮಾಡಿದ ದುಬು. ಅದು ಉಳಿಯಿತು.

ಕೊನೆಗೆ ಗೊಚುಜಾಂಗ್ ಎಂಬ ಕೆಂಪು ಗೊಜ್ಜಿನ ಸರದಿ. ಮೆಣಸಿನಪುಡಿ, ಅಂಟಕ್ಕಿ, ಮೊಳಕೆ ಕಟ್ಟಿಸಿದ ಬಾರ್ಲಿ, ಮೆಜು ಎಂಬ ಸೋಯಾ ಇಟ್ಟಿಗೆಯ ಪುಡಿ, ಉಪ್ಪು, ಇವುಗಳನ್ನು ಸೇರಿಸಿ ತಿಂಗಳುಗಟ್ಟಲೆ ಜಾಡಿಯಲ್ಲಿ ಹುಳಿಬರಿಸಿದ್ದು. ಬೇಯಿಸಿದ ಸೋಯಾವನ್ನು ಕುಟ್ಟಿ ಇಟ್ಟಿಗೆಯಾಗಿಸಿ, ಹುಲ್ಲಿನ ಹಗ್ಗದಲ್ಲಿ ತೂಗುಹಾಕಿ, ಚಳಿಗಾಲವೆಲ್ಲ ಅದರ ಮೇಲೆ ಬೂಷ್ಟು ಬೆಳೆಯಲು ಬಿಡುತ್ತಾರೆಂದು ಭಿಕ್ಷುಣಿ ಮರೆಮಾಚದೆ ಹೇಳಿದರು. ವ್ಯಾಪಾರಿ ಬೇಡವೆಂದರು. ಹಾಗಾದರೆ ನಿಮ್ಮ ದೇಶದಲ್ಲಿ ಹುಳಿಬರಿಸಿದ ಆಹಾರವೇ ಇಲ್ಲವೇ ಎಂದು ಅವರು ಸರಳವಾಗಿ ಕೇಳಿದಾಗ, ಇವರಿಗೆ ಮನೆಯ ಒಲೆಯ ಪಕ್ಕದಲ್ಲಿ ರಾತ್ರಿಯೆಲ್ಲ ಉಬ್ಬುವ ಇಡ್ಲಿ ಹಿಟ್ಟಿನ ನೆನಪಾಯಿತು. ಕಟ್ಟುನಿಟ್ಟಿನ ಶ್ರಾವಕರು ಅದನ್ನೂ ಬಿಡುತ್ತಾರೆ; ಇವರು ಬಿಟ್ಟಿರಲಿಲ್ಲ. ಉತ್ತರ ಕೊಡಲು ತುಸು ತಡವಾಯಿತು. “ಇದೆ, ಅದನ್ನು ತಿನ್ನುತ್ತೇನೆ ಕೂಡ” ಎಂದರು. ಭಿಕ್ಷುಣಿ ತಲೆಯಾಡಿಸಿ, ಗೊಜ್ಜಿನ ಬದಲಿಗೆ ಬರಿಯ ಮೆಣಸಿನಪುಡಿ, ಉಪ್ಪು, ಹುರಿದ ಎಳ್ಳು, ಎಳ್ಳೆಣ್ಣೆಗಳನ್ನು ಬೆರೆಸಿ ಕೊಟ್ಟರು. ಸೊಪ್ಪು, ದುಬುಗಳನ್ನೂ ಸೋಯಾ ರಸ ಮುಟ್ಟಿಸದೆ ಬೇರೆ ತೆಗೆದಿಟ್ಟಿದ್ದರು. ಅನ್ನದ ಜೊತೆ ಬರಬೇಕಾದ ಸಾರನ್ನು ಮಾತ್ರ ಇಡಲಿಲ್ಲ. ಅದು ದಸಿಮಾ ಎಂಬ ಸಮುದ್ರದ ಪಾಚಿಯಿಂದಲೂ ಅಣಬೆಯಿಂದಲೂ ತೆಗೆದ ರಸವೆಂದೂ, ಪಾಚಿಯನ್ನು ನೀವು ತಿನ್ನುವಿರೋ ಇಲ್ಲವೋ ತಮಗೆ ತಿಳಿಯದೆಂದೂ ಹೇಳಿದರು. ಶಾಸ್ತ್ರದಲ್ಲಿ ಪಾಚಿಯೂ ಅನಂತಕಾಯವೇ, ವ್ಯಾಪಾರಿ ಕೈಮುಗಿದರು.

ಆಗ ಭಿಕ್ಷುಣಿ, ಅತಿಥಿಯ ಮೇಲಿನ ಕಾಳಜಿಯಿಂದ, ಇನ್ನೊಂದು ಮಾತು ಸೇರಿಸಿದರು. ಮಗಳು ಅದನ್ನು ಕೇಳಿ ಕನ್ನಡಿಸಲು ಬಾಯಿ ತೆರೆದವಳು ಅರ್ಧಕ್ಕೆ ನಿಂತಳು. ತಂದೆ ಕಾದರು. ಭಿಕ್ಷುಣಿ, ತಮ್ಮ ಮಾತು ಅರ್ಥವಾಗಲಿಲ್ಲವೇನೋ ಎಂದು ಮತ್ತೊಮ್ಮೆ ನಿಧಾನವಾಗಿ ಹೇಳಿದರು. ಅವಳು ತಟ್ಟೆಗಳ ಮೇಲೆ ದೃಷ್ಟಿ ನೆಟ್ಟು, ಒಂದೊಂದೇ ಪದವನ್ನು ಹೊರತಂದಳು: “ಹೊರಗೆ ಊಟ ಮಾಡುವಾಗ ಸಾರಿನ ವಿಷಯದಲ್ಲಿ ಎಚ್ಚರವಾಗಿರಿ ಎನ್ನುತ್ತಿದ್ದಾರೆ. ಒಣಗಿಸಿದ ಸಣ್ಣ ಮೀನನ್ನು ನೀರಿನಲ್ಲಿ ಕುದಿಸಿ, ಸೋಸಿ ಬಿಸಾಡಿ, ಆ ನೀರಿನಲ್ಲೇ ತರಕಾರಿ ಸಾರು ಮಾಡುತ್ತಾರಂತೆ. ಬಟ್ಟಲಿನಲ್ಲಿ ಮೀನು ಕಾಣುವುದಿಲ್ಲ. ಮಾಂಸ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ; ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ.” ಇಷ್ಟು ಹೇಳಿ, ದನಿಯನ್ನು ಬದಲಿಸದೆ, ಅದೂ ಅನುವಾದದ ಭಾಗವೋ ಎಂಬಂತೆ ಮುಂದುವರಿಸಿದಳು: “ನಾನು ಅದನ್ನು ಕುಡಿದಿದ್ದೇನೆ ಅಪ್ಪಾಜಿ. ಮೊದಲ ವರ್ಷ ಗೊತ್ತಿಲ್ಲದೆ. ಆಮೇಲೆ ಗೊತ್ತಿದ್ದೂ.”

ಭಿಕ್ಷುಣಿಗೆ ಕನ್ನಡ ಬಾರದು. ಅವರು ಸಂತೋಷದಿಂದ ತಲೆಯಾಡಿಸಿ, ಅನ್ನ ಆರುವ ಮೊದಲು ಊಟ ಮಾಡಬೇಕೆಂದು ಕೈಸನ್ನೆ ಮಾಡಿದರು. ಆ ದೇಶದಲ್ಲಿ ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಊಟಕ್ಕೆ ಕೈಹಾಕುವುದಿಲ್ಲ. ಮಗಳು ಕಾಯುತ್ತ ಕುಳಿತಿದ್ದಳು.

ವ್ಯಾಪಾರಿ ಚಮಚ ಎತ್ತಿದರು. ಎತ್ತದಿದ್ದರೆ ಆ ಹುಡುಗಿ ಎಷ್ಟು ಹೊತ್ತು ಹಾಗೆಯೇ ಕುಳಿತಿರುವಳೋ ಎಂಬುದೊಂದೇ ಆ ಕ್ಷಣ ಅವರಿಗೆ ತೋಚಿದ್ದು. ಭಿಕ್ಷುಣಿ ತೋರಿಸಿದಂತೆ ಅನ್ನವನ್ನು ತಳದಿಂದ ಮೇಲಕ್ಕೆ ಮಗುಚಿ ಕಲಸಿದರು. ಹಸಿರು, ಬಿಳುಪು, ಕಂದು ಬಣ್ಣಗಳು ಒಂದರೊಳಗೊಂದು ಸೇರಿ ಮೆಣಸಿನ ಕೆಂಪು ಎಲ್ಲವನ್ನೂ ಆವರಿಸಿತು. ಮೊದಲ ತುತ್ತಿನಲ್ಲಿ ಎಳ್ಳೆಣ್ಣೆಯ ಘಮ, ಆಮೇಲೆ ಜರಿಕುಡಿಯ ಮಣ್ಣಿನಂತಹ ರುಚಿ, ಹಲ್ಲಿಗೆ ತುಸು ಎದುರು ನಿಲ್ಲುವ ನಾರು, ಪಾಲಕದ ಮೃದುತ್ವ, ಕೊನೆಗೆ ನಾಲಗೆಯ ಹಿಂಬದಿಯಲ್ಲಿ ಮೆಲ್ಲಗೆ ಏಳುವ ಖಾರ. ಬೆಳ್ಳುಳ್ಳಿಯಿಲ್ಲ, ಇಂಗೂ ಇಲ್ಲ, ಒಗ್ಗರಣೆಯೇ ಇಲ್ಲ. ಪ್ರತಿಯೊಂದು ಸೊಪ್ಪೂ ತನ್ನ ರುಚಿಯನ್ನೇ ಹೇಳುತ್ತಿತ್ತು. ಇನ್ನೊಂದು ದಿನವಾಗಿದ್ದರೆ ವ್ಯಾಪಾರಿ ಅದನ್ನು ಹೊಗಳಿ ಉಣ್ಣುತ್ತಿದ್ದರು. ಅಂದು ಅವರ ಗಂಟಲು ಬಿಗಿದಿತ್ತು. ಆದರೂ ಒಂದಗುಳನ್ನೂ ಬಿಡದೆ ಉಂಡರು.

ಉಣ್ಣುತ್ತಿದ್ದಾಗ ಅವರ ಮನಸ್ಸಿನಲ್ಲಿ ಲೆಕ್ಕವೊಂದು ನಡೆದಿತ್ತು. ಬೇರಿನ ಪಲ್ಯದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಏಕೇಂದ್ರಿಯ ಜೀವಗಳ ಮೇಲೆ ದಯೆ ತೋರಿದ್ದಾಯಿತು. ಮೀನು ಪಂಚೇಂದ್ರಿಯ ಜೀವಿ. ಒಂದು ಪಾತ್ರೆ ಸಾರಿಗೆ ಹಿಡಿ ಮೀನು. ಆರು ವರ್ಷದಲ್ಲಿ ಎಷ್ಟು ಪಾತ್ರೆ? ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಆರು ವರ್ಷದ ಭಾನುವಾರಗಳೆಷ್ಟು? ಮುನ್ನೂರಕ್ಕೂ ಹೆಚ್ಚು. ಮುನ್ನೂರು ಸಲ ಅವರು ಕೇಳಿದ್ದರು, ಮುನ್ನೂರು ಸಲ ಅವಳು ಹೌದೆಂದಿದ್ದಳು. ಮೀನಿನ ಖಾತೆ ಒಂದಾದರೆ ಈ ಹೌದುಗಳ ಖಾತೆ ಇನ್ನೊಂದು. ಮೊದಲನೆಯದು ಅವಳ ಹೆಸರಿನಲ್ಲಿತ್ತು. ಎರಡನೆಯದು ಯಾರ ಹೆಸರಿನಲ್ಲಿ ಎಂಬುದು ಅವರಿಗೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಊಟ ಮುಗಿಯಿತು. ವ್ಯಾಪಾರಿ ಅಭ್ಯಾಸಬಲದಿಂದ ಲೋಟದ ನೀರನ್ನು ಬಟ್ಟಲಿಗೆ ಸುರಿದು, ಬೆರಳಿನಿಂದ ಅಂಚನ್ನೆಲ್ಲ ಸವರಿ ತೊಳೆದು, ಆ ನೀರನ್ನು ಕುಡಿದರು. ತಾಯಿ ಕಲಿಸಿದ ಅಭ್ಯಾಸವದು. ಅನೇಕ ಜೈನ ಮನೆಗಳಲ್ಲಿ ಇಂದಿಗೂ ಇದೆ. ಎಂಜಲು ಉಳಿದರೆ ಅದರಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟಿ ಸಾಯುತ್ತವೆಂಬುದು ಅದರ ಕಾರಣ. ತಲೆಯೆತ್ತಿ ನೋಡಿದರೆ ಭಿಕ್ಷುಣಿ ಬೆರಗಾಗಿ ನಿಂತಿದ್ದರು. ಕೊರಿಯಾದ ಆಶ್ರಮಗಳಲ್ಲಿ ಬರುಗೊಂಗ್ಯಾಂಗ್ ಎಂಬ ವಿಧಿಪೂರ್ವಕ ಭೋಜನದ ಕೊನೆ ಹೀಗೆಯೇ. ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲುಗಳಲ್ಲಿ ಅನ್ನ, ಸಾರು, ಪಲ್ಯ, ನೀರುಗಳನ್ನು ಬಡಿಸಿಕೊಂಡು, ಮೌನವಾಗಿ ಉಂಡು, ಉಪ್ಪಿನಕಾಯಿಯ ಒಂದು ಹೋಳಿನಿಂದ ಬಟ್ಟಲುಗಳನ್ನು ಉಜ್ಜಿ ತೊಳೆದು ಆ ನೀರನ್ನು ಕುಡಿಯಬೇಕು. ಕಡೆಯ ತೊಳೆನೀರು ಮಾತ್ರ ತಿಳಿಯಾಗಿರಬೇಕು. ಸೂಜಿಯಷ್ಟು ಕಿರಿದಾದ ಗಂಟಲಿನ ಹಸಿದ ಪ್ರೇತಗಳಿಗೆ ಅದನ್ನು ಅರ್ಪಿಸುವುದರಿಂದ ಅದರಲ್ಲಿ ಮೆಣಸಿನ ಚೂರೊಂದು ಉಳಿದರೂ ಅವುಗಳ ಗಂಟಲು ಉರಿಯುತ್ತದೆಂಬ ಭಾವನೆ. ಇಲ್ಲಿಯೂ ಕಾರಣ ಬೇರೆ, ಆಚಾರ ಒಂದೇ. ಕಣ್ಣಿಗೆ ಕಾಣದ ಜೀವದ ವಿಚಾರವಾಗಿ ಇಬ್ಬರೂ ಬಟ್ಟಲು ತೊಳೆಯುತ್ತಿದ್ದರು. ಭಿಕ್ಷುಣಿ ಬಗ್ಗಿ ನಮಸ್ಕರಿಸಿದರು. ಮಗಳೂ ತನ್ನ ಬಟ್ಟಲಿಗೆ ನೀರು ಸು���ಿದಳು. ಬಾಲ್ಯದ ನಂತರ ಅದೇ ಮೊದಲು.

ಆಶ್ರಮದ ಹಿಂದೆ ಎತ್ತರದ ಕಟ್ಟೆಯ ಮೇಲೆ ಕಂದುಬಣ್ಣದ ಜಾಡಿಗಳು ಸಾಲುಸಾಲಾಗಿ ಬಿಸಿಲು ಕಾಯುತ್ತಿದ್ದವು. ಅದರ ಮೆಟ್ಟಿಲ ಮೇಲೆ ತಂದೆ ಮಗಳು ಕುಳಿತರು. ಬಸ್ಸಿಗೆ ಇನ್ನೂ ಒಂದು ಗಂಟೆ ಇದ್ದಿತು. ಮೊದಲು ಮಾತನಾಡಿದವರು ತಂದೆ.

“ಅಂಗಡಿಗೆ ಮಾಲು ತರುವವನನ್ನು ‘ಚೊಕ್ಕ ಮಾಲು ತಾನೇ?’ ಎಂದು ನಾನು ಯಾವತ್ತೂ ಕೇಳಿದವನಲ್ಲ. ಹಾಗೆ ಕೇಳಿದರೆ ಹೌದು ಎಂದಲ್ಲದೆ ಬೇರೆ ಉತ್ತರ ಬರುವುದಿಲ್ಲ. ಚೀಲ ಬಿಚ್ಚು, ತಳದಿಂದ ಒಂದು ಹಿಡಿ ತೆಗೆ ಎನ್ನುತ್ತೇನೆ. ಇಂಗು ಕೊಳ್ಳುವ ಗಿರಾಕಿಗೂ ಇದರಲ್ಲಿ ಹಿಟ್ಟೆಷ್ಟು ಗೋಂದೆಷ್ಟು ಎಂದು ಹೇಳಿಯೇ ಮಾರುತ್ತೇನೆ. ನಿನ್ನನ್ನು ಮಾತ್ರ ಆರು ವರ್ಷ ‘ತಾನೇ’ ಎಂದೇ ಕೇಳಿದೆ.”

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಬೇರೆ ರೀತಿ ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಅಪ್ಪಾಜಿ” ಎಂದಳು. ಮೊದಲ ಚಳಿಗಾಲದಲ್ಲಿ ಬ್ರೆಡ್ಡು, ಬಾಳೆಹಣ್ಣು, ಬರಿ ಅನ್ನ ತಿಂದು ಸೋತದ್ದನ್ನೂ, ಕಚೇರಿಯ ಊಟದ ಮನೆಯಲ್ಲಿ ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತು ಬಿಸಿ ಸಾರು ಕುಡಿಯುವಾಗ ತಾನೊಬ್ಬಳೇ ಬೇರೆಯಾಗಿ ಉಳಿದದ್ದನ್ನೂ, ಸಾರಿನ ಗುಟ್ಟು ತಿಳಿದ ದಿನ ಅತ್ತು ಬಿಟ್ಟದ್ದನ್ನೂ, ಮುಂದಿನ ಚಳಿಗಾಲದಲ್ಲಿ ಮತ್ತೆ ಬಟ್ಟಲು ಎತ್ತಿದ್ದನ್ನೂ ಹೇಳಿದಳು. ತನ್ನದು ತಪ್ಪಲ್ಲವೆಂದು ವಾದಿಸಲಿಲ್ಲ. ತಂದೆಯೂ ಅದು ತಪ್ಪಲ್ಲವೆನ್ನಲಿಲ್ಲ. ಜೀವಹಿಂಸೆ ಹಿಂಸೆಯೇ, ಅದಕ್ಕೆ ಮಾಡಬೇಕಾದ ಪ್ರತಿಕ್ರಮಣವನ್ನು ಅವಳೇ ಮಾಡಬೇಕು, ಬೇರೆಯವರ ಪಾಲಿನದನ್ನು ತೀರಿಸಲು ಯಾರಿಗೂ ಸಾಧ್ಯವಿಲ್ಲ ಎಂದರು. ತಮ್ಮ ಪಾಲಿನದನ್ನು ತಾವು ಮಾಡುವುದಾಗಿಯೂ ಹೇಳಿದರು.

ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂಬುದು ಜೈನಾಚಾರ್ಯರ ಬೋಧೆ. ಎಚ್ಚರ ತಪ್ಪಿದಲ್ಲಿ ಹಿಂಸೆ ಒಳಗೆ ಬರುತ್ತದೆ. ಬಾಯಿಗೆ ಹೋಗುವುದರ ವಿಷಯದಲ್ಲಿ ಶ್ರಾವಕರ ಎಚ್ಚರ ದೊಡ್ಡದು. ಬಾಯಿಯಿಂದ ಬರುವ ಪ್ರಶ್ನೆಗಳ ವಿಷಯದಲ್ಲಿ ಅಷ್ಟು ಎಚ್ಚರ ಇರುತ್ತದೆಯೇ? ದೂರದೇಶದಲ್ಲಿರುವ ಮಕ್ಕಳನ್ನು ತಂದೆ ತಾಯಂದಿರು ಕೇಳುವುದು ಬಹುಮಟ್ಟಿಗೆ ತಮ್ಮ ನೆಮ್ಮದಿಗಾಗಿ. ನೆಮ್ಮದಿ ಸಿಗುತ್ತದೆ; ಅದರ ಬೆಲೆಯನ್ನು ಮಕ್ಕಳ ಸತ್ಯಾಣುವ್ರತ ತೆರುತ್ತದೆ. ಆಶ್ರಮದ ಭಿಕ್ಷುಣಿಗೆ ಅತಿಥಿಯ ಧರ್ಮದ ಪರಿಚಯವಿರಲಿಲ್ಲ. ಅತಿಥಿಯ ಪಟ್ಟಿ ಅವರ ಪಟ್ಟಿಯಲ್ಲ. ‘ಇದು ಶುದ್ಧ, ಉಣ್ಣಿರಿ’ ಎಂದಿದ್ದರೆ ಆ ಮಾತು ಅವರ ನಿಯಮದ ಪ್ರಕಾರ ನಿಜವೇ ಆಗುತ್ತಿತ್ತು. ಅವರು ಹಾಗೆನ್ನದೆ ಒಂದೊಂದು ತಟ್ಟೆಯನ್ನೂ ಬಿಡಿಸಿ ತೋರಿಸಿ, ತೀರ್ಮಾನವನ್ನು ಉಣ್ಣುವವರಿಗೇ ಬಿಟ್ಟರು. ‘ಶುದ್ಧ ಸಸ್ಯಾಹಾರ’ ಎಂಬ ಫಲಕವನ್ನು ಭೋಜನಶಾಲೆಯ ಮುಂದೆ ತೂಗುಹಾಕುವುದು ಸುಲಭ. ಇಂದಿನ ಅಡುಗೆಯಲ್ಲಿ ಏನೇನಿದೆಯೆಂದು ಬರೆದಿಡುವುದು ಅದಕ್ಕಿಂತ ಕಷ್ಟ. ಯಾತ್ರಿಕರಿಗೆ ಊಟವಿಕ್ಕುವ ಬಸದಿಗಳ ಆಡಳಿತದವರು ಈ ಭೇದವನ್ನು ಯೋಚಿಸಬಹುದು.

ಸೋಲ್‌ಗೆ ಹಿಂದಿರುಗಿದ ಮೇಲೆ ಮಗಳು ಕೊರಿಯನ್ ಭಾಷೆಯಲ್ಲಿ ಒಂದು ಚೀಟಿ ಬರೆದು ಕೈಚೀಲದಲ್ಲಿ ಇಟ್ಟುಕೊಂಡಳು. ಮಾಂಸ, ಮೊಟ್ಟೆ, ಮೀನು, ಸಿಗಡಿ, ಮೀನಿನ ರಸ, ಮೀನು ಕುದಿಸಿದ ನೀರು ಎಂದು ಒಂದೊಂದಾಗಿ ಅದರಲ್ಲಿ ಬರೆದಿತ್ತು. ಪಾಚಿಯ ಹೆಸರಿರಲಿಲ್ಲ, ಅಣಬೆಯ ಹೆಸರಿರಲಿಲ್ಲ. ಮೂಲಂಗಿಯ ಹೆಸರನ್ನು ಬರೆದು ಹೊಡೆದುಹಾಕಿದ್ದಳು. ತಂದೆ ಚೀಟಿಯ ಅರ್ಥವನ್ನು ಕೇಳಿ ತಿಳಿದುಕೊಂಡರು. ಅವಳ ಪಟ್ಟಿ ಅವರದಕ್ಕಿಂತ ಚಿಕ್ಕದು. ಶಕ್ತಿಗೆ ತಕ್ಕ ವ್ರತವೆಂದು ಹಿರಿಯರು ಹೇಳಿದ ಮಾತನ್ನು ನೆನೆದು, ಚೀಟಿಯನ್ನು ಮಡಿಸಿ ಅವಳ ಕೈಗೇ ಕೊಟ್ಟರು.

ಈಗಲೂ ಭಾನುವಾರದ ದೂರವಾಣಿ ತಪ್ಪಿಲ್ಲ. “ಈ ವಾರ ಏನೇನು ಉಂಡೆ?” ಎಂದು ತಂದೆ ಕೇಳುತ್ತಾರೆ. ಉತ್ತರ ಮೊದಲಿನಂತೆ ಒಂದೇ ಪದದಲ್ಲಿ ಮುಗಿಯುವುದಿಲ್ಲ. ಕೆಲವು ವಾರ ಅದನ್ನು ಕೇಳುವುದು ಸಂತೋಷದ ಕೆಲಸ. ಒಂದು ವಾರ ಅವಳು, ಸ್ನೇಹಿತೆಯ ಮನೆಯಲ್ಲಿ ಚೀಟಿ ತೋರಿಸಲು ಸಂಕೋಚವಾಯಿತೆಂದೂ, ಸಾರಿನ ಬಟ್ಟಲು ಖಾಲಿ ಮಾಡಿದೆನೆಂದೂ ಹೇಳಿದಳು. ಹಾವೇರಿ ಸೀಮೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ವ್ಯಾಪಾರಿ ಬಹಳ ಹೊತ್ತು ಮಾತಿಲ್ಲದೆ ಕುಳಿತರು. ಆ ಕಡೆಯಿಂದಲೂ ಮಾತಿಲ್ಲ. ಕೊನೆಗೆ ಅವರು, “ಆಮೇಲೆ ಏನಾಯಿತು, ಹೇಳು” ಎಂದರು. ಅವಳು ಹೇಳಿದಳು.